ಅಂತರ್ಜಲ ಬಳಕೆಗೆ ಕಡಿವಾಣ: ಆಯ್ಕೆಗಳನ್ನು ಲೆಕ್ಕ ಹಾಕಿ ತೂಗುವುದು ಹೇಗೆ

ಬಾವಿಗಳು ಬತ್ತತೊಡಗಿದ ಕಡೆ ಸಭೆ ಸೇರಿದರೆ ಐದೇ ನಿಮಿಷದಲ್ಲಿ ಪರಿಹಾರಗಳ ಪಟ್ಟಿ ಸಿದ್ಧವಾಗುತ್ತದೆ. ಚೆಕ್ ಡ್ಯಾಂ ಕಟ್ಟಿಸಿ, ಹನಿ ನೀರಾವರಿಗೆ ಸಬ್ಸಿಡಿ ಕೊಡಿ, ಹೊಸ ಕೊಳವೆಬಾವಿ ನಿಲ್ಲಿಸಿ, ಪಂಪ್‌ಸೆಟ್ಟಿಗೆ ಮೀಟರ್ ಹಾಕಿ. ಒಂದೊಂದರ ಬೆನ್ನಿಗೂ ಒಂದೊಂದು ಗುಂಪು ಇರುತ್ತದೆ. ಆದರೆ ವರ್ಷಕ್ಕೆ ಎಷ್ಟು ನೀರಿನ ಕೊರತೆ ಬೀಳುತ್ತಿದೆ, ಈ ಉಪಾಯ ಅದರಲ್ಲಿ ಎಷ್ಟನ್ನು ತುಂಬುತ್ತದೆ ಎಂಬ ಎರಡು ಅಂಕಿ ಸಾಮಾನ್ಯವಾಗಿ ಯಾರ ಕೈಯಲ್ಲೂ ಇರುವುದಿಲ್ಲ. ಮೊದಲು ಅವನ್ನು ಹೊರತೆಗೆಯಬೇಕು. ಆಮೇಲೆ ಯಾವ ಉಪಾಯ, ಯಾರ ಮೇಲೆ, ಎಷ್ಟು ಎಂಬ ಮಾತು.

ಎಲ್ಲೆ ಮತ್ತು ಅಳತೆ

ಪಂಚಾಯಿತಿ ಗಡಿ, ತಾಲ್ಲೂಕು ಗಡಿ ನೆಲದ ಕೆಳಗೆ ಇರುವುದಿಲ್ಲ. ಒಂದೇ ಶಿಲಾಪದರದ ನೀರನ್ನು ಎರಡು ಊರು ಎತ್ತುತ್ತಿದ್ದರೆ, ಒಂದು ಊರು ಮಾತ್ರ ಮಿತಿ ಹಾಕಿಕೊಂಡಾಗ ಉಳಿದ ನೀರು ಪಕ್ಕದೂರಿನ ಪಂಪಿಗೆ ಹೋಗುತ್ತದೆ, ಮರುವರ್ಷ ಮಿತಿ ಮುರಿಯುತ್ತದೆ. ಗಟ್ಟಿ ಶಿಲೆಯ ಪ್ರದೇಶದಲ್ಲಿ ಒಂದು ಕಿರುಜಲಾನಯನವನ್ನು ಒಂದು ಘಟಕ ಎಂದು ಹಿಡಿಯಬಹುದು, ಏಕೆಂದರೆ ಅಲ್ಲಿ ನೀರು ಮೇಲ್ಪದರದ ಸವೆದ ಬಂಡೆ ಮತ್ತು ಬಿರುಕುಗಳಲ್ಲಿ ಚಿಕ್ಕ ಚಿಕ್ಕ ತುಣುಕುಗಳಾಗಿ ನಿಂತಿರುತ್ತದೆ. ಮೆಕ್ಕಲು ಬಯಲಿನಲ್ಲಿ ಪದರ ನೂರಾರು ಕಿಲೋಮೀಟರ್ ಹಬ್ಬಿರುತ್ತದೆ. ಅಲ್ಲಿ ಊರಿನ ಮಟ್ಟದ ಒಪ್ಪಂದ ಒಂದೇ ಸಾಲದು, ಜಿಲ್ಲೆಯೋ ರಾಜ್ಯವೋ ನಡುವೆ ಬರಲೇಬೇಕು.

ಎಲ್ಲೆ ಗುರುತಿಸಿದ ಮೇಲೆ ಹತ್ತರಿಂದ ಹದಿನೈದು ವೀಕ್ಷಣಾ ಬಾವಿಗಳನ್ನು ಆರಿಸಿ: ದಿಣ್ಣೆಯಲ್ಲಿ ಕೆಲವು, ತಗ್ಗಿನಲ್ಲಿ ಕೆಲವು, ಪಂಪುಗಳು ದಟ್ಟವಾಗಿರುವ ಕಡೆ ಕೆಲವು, ಕುಡಿಯುವ ನೀರಿನ ಬಾವಿಯ ಹತ್ತಿರ ಒಂದಾದರೂ. ತೆರೆದ ಬಾವಿ ಸಿಕ್ಕಿದರೆ ಅದಕ್ಕೇ ಮೊದಲ ಆದ್ಯತೆ. ಆಳದ ಕೊಳವೆಬಾವಿಯಲ್ಲಿ ಕಾಣುವ ಮಟ್ಟ ಎಷ್ಟೋ ಸಲ ಬಿರುಕಿನೊಳಗಿನ ಒತ್ತಡವನ್ನು ಹೇಳುತ್ತದೆಯೇ ಹೊರತು ಪದರದಲ್ಲಿ ಕೂಡಿಟ್ಟ ನೀರನ್ನಲ್ಲ. ಕೇಸಿಂಗ್ ಪೈಪಿನ ಅಥವಾ ಬಾವಿ ಕಟ್ಟೆಯ ಮೇಲೆ ಬಣ್ಣದಿಂದ ಒಂದು ಗುರುತು ಹಾಕಿ ಪ್ರತಿಸಲವೂ ಅಲ್ಲಿಂದಲೇ ಅಳೆಯಿರಿ. ಪಂಪ್ ನಿಲ್ಲಿಸಿ ಕನಿಷ್ಠ 8ರಿಂದ 12 ಗಂಟೆ ಕಳೆದಿರಬೇಕು. ಬೆಳಗಿನ ಜಾವ ಒಳ್ಳೆಯದು. ಪಕ್ಕದ ಬೋರ್ ಓಡುತ್ತಿದ್ದರೆ ಅದರ ಸೆಳೆತದಿಂದ ನಿಮ್ಮ ಬಾವಿಯ ಮಟ್ಟವೂ ತಾತ್ಕಾಲಿಕವಾಗಿ ಕುಸಿದಿರುತ್ತದೆ. ಹಾಗಿರುವಾಗ ತೆಗೆದ ಅಂಕಿಯನ್ನು ದಾಖಲಿಸಲೇಬೇಡಿ. ತಿಂಗಳಿಗೊಮ್ಮೆ ಅಳೆದರೆ ಉತ್ತಮ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅಂತೂ ಬಿಡಲೇಕೂಡದು.

ಎತ್ತುವ ನೀರನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಪಂಪ್ ಶುರುವಾಗಿ ಅರ್ಧ ಗಂಟೆ ಕಳೆಯಲಿ, ಏಕೆಂದರೆ ಮೊದಲ ನಿಮಿಷಗಳಲ್ಲಿ ನೀರು ಜೋರಾಗಿ ಬಂದು ಆಮೇಲೆ ಇಳಿಯುತ್ತದೆ. ನಂತರ 200 ಲೀಟರ್ ಡ್ರಮ್ ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ. 40 ಸೆಕೆಂಡ್ ಆದರೆ ಸೆಕೆಂಡಿಗೆ 5 ಲೀಟರ್, ಅಂದರೆ ಗಂಟೆಗೆ 18 ಘನ ಮೀಟರ್. ದಿನಕ್ಕೆ 5 ಗಂಟೆಯಂತೆ ವರ್ಷದಲ್ಲಿ 110 ದಿನ ಓಡಿದರೆ ಹತ್ತಿರಹತ್ತಿರ 10,000 ಘನ ಮೀಟರ್. ಎಷ್ಟು ಗಂಟೆ ಓಡಿತು ಎಂದು ರೈತರನ್ನು ಕೇಳಿದರೆ ಬರುವ ಉತ್ತರ ಎಷ್ಟೋ ಸಲ ನಿಜವಾದ ಬಳಕೆಗೆ ಹೊಂದುವುದಿಲ್ಲ. ವಿದ್ಯುತ್ ಮೀಟರ್ ಇದ್ದರೆ ಒಂದು ಗಂಟೆಗೆ ಪಂಪ್ ಎಷ್ಟು ಯೂನಿಟ್ ಎಳೆಯುತ್ತದೆಂದು ಒಮ್ಮೆ ನೋಡಿಕೊಂಡು, ಒಟ್ಟು ಯೂನಿಟ್ಟನ್ನು ಅದರಿಂದ ಭಾಗಿಸಿ.

ಕೊರತೆ ಎಷ್ಟು

ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ಅದರಲ್ಲೇ ಸಾಗೋಣ. ಪ್ರದೇಶ 1,000 ಹೆಕ್ಟೇರ್, ಗಟ್ಟಿ ಶಿಲೆ, ವರ್ಷಕ್ಕೆ 600 ಮಿ.ಮೀ. ಮಳೆ, ಅದರಲ್ಲಿ ಶೇ 10ರಷ್ಟು ಇಂಗುತ್ತದೆ ಎಂದುಕೊಳ್ಳಿ. ಅಂದರೆ 60 ಮಿ.ಮೀ., ಇಡೀ ಪ್ರದೇಶಕ್ಕೆ 6 ಲಕ್ಷ ಘನ ಮೀಟರ್. ಕೆರೆಯಿಂದಲೂ ಗದ್ದೆಗೆ ಹಾಯಿಸಿದ ನೀರಿನಿಂದಲೂ ಮತ್ತೆ ಕೆಳಗಿಳಿಯುವುದು 1.5 ಲಕ್ಷ. ಒಟ್ಟು ಒಳಹರಿವು 7.5 ಲಕ್ಷ. ಹಳ್ಳಕ್ಕೆ ತಾನಾಗಿ ಜಿನುಗಿ ಹೋಗುವುದು 50 ಸಾವಿರ. ನೂರು ಪಂಪುಗಳು ಎತ್ತುವುದು 10 ಲಕ್ಷ. ಕೊರತೆ 3 ಲಕ್ಷ ಘನ ಮೀಟರ್.

ಈ ಅಂಕಿ ಸರಿಯೇ ಎಂದು ಇನ್ನೊಂದು ದಾರಿಯಿಂದ ಪರೀಕ್ಷಿಸಲೇಬೇಕು. ಸವೆದ ಗಟ್ಟಿ ಶಿಲೆ ತನ್ನ ಗಾತ್ರದ ಶೇ 1ರಿಂದ 3ರಷ್ಟು ನೀರನ್ನು ಮಾತ್ರ ಬಿಟ್ಟುಕೊಡುತ್ತದೆ. ಮರಳು ಮಿಶ್ರಿತ ಮೆಕ್ಕಲು ಶೇ 10ಕ್ಕೂ ಹೆಚ್ಚು. ಶೇ 2 ಎಂದು ಹಿಡಿದರೆ, 1,000 ಹೆಕ್ಟೇರಿನಲ್ಲಿ ಈ ವರ್ಷದ ಮಳೆಗಾಲಕ್ಕೆ ಮುಂಚಿನ ಮಟ್ಟ ಕಳೆದ ವರ್ಷದ ಅದೇ ಹೊತ್ತಿನ ಮಟ್ಟಕ್ಕಿಂತ ಒಂದೂವರೆ ಮೀಟರ್ ಕೆಳಗಿದ್ದರೆ ನಷ್ಟ 3 ಲಕ್ಷ ಘನ ಮೀಟರ್. ಎರಡೂ ದಾರಿ ಒಂದೇ ಕಡೆ ಬಂದು ಸೇರಿದವು. ಸೇರದೆ ಎರಡು ಪಟ್ಟು ಮೂರು ಪಟ್ಟು ವ್ಯತ್ಯಾಸ ಬಂದರೆ ಸಭೆ ಮುಂದೂಡಿ, ಅಳತೆ ಮತ್ತೊಮ್ಮೆ ಮಾಡಿ. ಬಹುತೇಕ ತಪ್ಪು ಪಂಪುಗಳ ಸಂಖ್ಯೆಯಲ್ಲಿ ಇರುತ್ತದೆ: ಅನುಮತಿ ಇಲ್ಲದ ಬೋರುಗಳು ಪಟ್ಟಿಯಲ್ಲೇ ಇರುವುದಿಲ್ಲ.

ಭಾರತದಲ್ಲಿ ಸರ್ಕಾರಿ ಅಂದಾಜು ಇದೇ ಲೆಕ್ಕವನ್ನು ಶೇಕಡಾವಾರಿನಲ್ಲಿ ಹೇಳುತ್ತದೆ. ತೆಗೆಯಬಹುದಾದ ನೀರಿನ ಶೇ 70ರವರೆಗೆ ಬಳಸಿದರೆ ಸುರಕ್ಷಿತ, 100 ದಾಟಿದರೆ ಅತಿಬಳಕೆ. ನಮ್ಮ ಉದಾಹರಣೆಯಲ್ಲಿ, ಒಳಹರಿವಿನಲ್ಲಿ ಹಳ್ಳಕ್ಕೆ ಜಿನುಗುವುದನ್ನು ಕಳೆದು ಉಳಿದ 7 ಲಕ್ಷಕ್ಕೆ 10 ಲಕ್ಷ, ಶೇ 143. ಆದರೆ ಶೇ 100ರೊಳಗೆ ಇದ್ದ ಮಾತ್ರಕ್ಕೆ ತೊಂದರೆ ಇಲ್ಲ ಎಂದು ತಿಳಿಯಬೇಡಿ. ಇಂಗಿದ್ದನ್ನೆಲ್ಲ ಎತ್ತಿದರೆ ಹಳ್ಳಕ್ಕೆ ಜಿನುಗುತ್ತಿದ್ದ ನೀರು ನಿಂತೇ ಹೋಗುತ್ತದೆ, ಕೆಳಗಿನ ಊರಿನ ಬೇಸಿಗೆ ಹರಿವು ಅಲ್ಲಿಗೆ ಮುಗಿಯಿತು.

ಗುರಿಯನ್ನೂ ಈ ಹಂತದಲ್ಲೇ ಬರೆದಿಡಿ. ಕ್ಯಾಲಿಫೋರ್ನಿಯಾದ 2014ರ ಅಂತರ್ಜಲ ಕಾನೂನು ಇದಕ್ಕೆ ಒಳ್ಳೆಯ ಚೌಕಟ್ಟು ಕೊಡುತ್ತದೆ. ಆಗಬಾರದ ಆರು ಕೆಡುಕುಗಳನ್ನು ಅದು ಹೆಸರಿಸಿದೆ: ಮಟ್ಟದ ಸತತ ಕುಸಿತ, ದಾಸ್ತಾನಿನ ನಷ್ಟ, ಸಮುದ್ರದ ಉಪ್ಪುನೀರು ನುಗ್ಗುವುದು, ನೀರಿನ ಗುಣಮಟ್ಟ ಕೆಡುವುದು, ನೆಲ ಕುಸಿಯುವುದು, ನದಿ ತೊರೆಗಳು ಸೊರಗುವುದು. ನಿಮ್ಮಲ್ಲಿ ಇವುಗಳಲ್ಲಿ ಯಾವುದು ನಿಜವಾದ ಅಪಾಯ ಎಂದು ಆರಿಸಿ, ಅದಕ್ಕೊಂದು ಅಂಕಿ ಕೊಡಿ. ‘ನೀರು ಉಳಿಸೋಣ’ ಎಂಬುದು ಗುರಿಯಲ್ಲ. ‘ಈ ಮೂರು ವೀಕ್ಷಣಾ ಬಾವಿಗಳಲ್ಲಿ ಬೇಸಿಗೆಯ ಮಟ್ಟ ನೆಲದಿಂದ 18 ಮೀಟರಿಗಿಂತ ಕೆಳಗೆ ಹೋಗಕೂಡದು’ ಎಂಬುದು ಗುರಿ.

ಎತ್ತಿದ ನೀರೇ ಬೇರೆ, ಕಳೆದುಹೋದ ನೀರೇ ಬೇರೆ

ಆಯ್ಕೆಗಳನ್ನು ತೂಗುವಾಗ ನುರಿತವರೂ ಎಡವುವ ಜಾಗ ಇದು, ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ. ಪಂಪಿನಿಂದ ಬಂದ ನೀರಲ್ಲಿ ಒಂದು ಪಾಲು ಬೆಳೆ ಮತ್ತು ಮಣ್ಣಿನಿಂದ ಆವಿಯಾಗಿ ಗಾಳಿ ಸೇರುತ್ತದೆ. ಅದು ಕಳೆದುಹೋದ ನೀರು. ಇನ್ನೊಂದು ಪಾಲು ಬೇರು ದಾಟಿ ಕೆಳಗಿಳಿದು ಮತ್ತೆ ಅಂತರ್ಜಲವೇ ಆಗುತ್ತದೆ. ಕೊರತೆ ತುಂಬುವುದು ಮೊದಲಿನ ಪಾಲು ಕಡಿಮೆಯಾದಾಗ ಮಾತ್ರ.

ಬೇಸಿಗೆ ಭತ್ತವನ್ನು ಬಿಟ್ಟು ಸಿರಿಧಾನ್ಯಕ್ಕೆ ಹೋಗುವ ಆಯ್ಕೆ ತೆಗೆದುಕೊಳ್ಳಿ. ಭತ್ತಕ್ಕೆ 1,200 ಮಿ.ಮೀ. ಹಾಯಿಸುತ್ತಾರೆ, ಸಿರಿಧಾನ್ಯಕ್ಕೆ 400. ಹೆಕ್ಟೇರಿಗೆ 8,000 ಘನ ಮೀಟರ್ ಉಳಿಯಿತು, 3 ಲಕ್ಷ ತುಂಬಲು 38 ಹೆಕ್ಟೇರ್ ಸಾಕು ಅನ್ನಿಸುತ್ತದೆ. ಆದರೆ ಭತ್ತದ 1,200ರಲ್ಲಿ ಆವಿಯಾಗುವುದು ಸುಮಾರು 650, ಉಳಿದದ್ದು ಕೆಳಗಿಳಿಯುತ್ತಿತ್ತು. ಸಿರಿಧಾನ್ಯದ 400ರಲ್ಲಿ 350 ಆವಿಯಾಗುತ್ತದೆ. ನಿಜವಾದ ಉಳಿತಾಯ 300 ಮಿ.ಮೀ., ಹೆಕ್ಟೇರಿಗೆ 3,000 ಘನ ಮೀಟರ್. ಬೇಕಾದದ್ದು 38 ಅಲ್ಲ, 100 ಹೆಕ್ಟೇರ್. ಆದರೂ ಇದು ಗಟ್ಟಿಯಾದ ಆಯ್ಕೆಯೇ, ಏಕೆಂದರೆ ಉಳಿಯುವುದು ನಿಜವಾಗಿ ಉಳಿಯುತ್ತದೆ.

ಹನಿ ನೀರಾವರಿಯ ಲೆಕ್ಕ ಇನ್ನೂ ಕಹಿ. ಕಾಲುವೆ ಹಾಯಿಸುವಾಗ 700 ಮಿ.ಮೀ. ಕೊಟ್ಟು 500 ಆವಿಯಾಗುತ್ತಿದ್ದ ಬೆಳೆಗೆ, ಹನಿಯಲ್ಲಿ 540 ಕೊಟ್ಟರೆ 480 ಆವಿಯಾಗುತ್ತದೆ ಎನ್ನಿ. ಪಂಪಿನ ಲೆಕ್ಕದಲ್ಲಿ 160 ಉಳಿಯಿತು, ಪದರದ ಲೆಕ್ಕದಲ್ಲಿ ಉಳಿದದ್ದು 20. ರೈತ ಆ 160ನ್ನು ಸುಮ್ಮನೆ ಬಿಡುವುದಿಲ್ಲ. ಅದೇ 700 ಮಿ.ಮೀ. ನೀರಿನಲ್ಲಿ ಶೇ 30ರಷ್ಟು ಹೆಚ್ಚು ಜಮೀನಿಗೆ ಪೈಪ್ ಎಳೆಯುತ್ತಾನೆ. ಈಗ ಆವಿಯಾಗುವುದು 620ಕ್ಕೂ ಹೆಚ್ಚು. ಸಬ್ಸಿಡಿ ಕೊಟ್ಟು ಕೊರತೆ ಹೆಚ್ಚಿಸಿದಂತಾಯಿತು. ಅಮೆರಿಕದ ಕ್ಯಾನ್ಸಸ್‌ನಲ್ಲಿ ದಕ್ಷ ಸಿಂಪಡಣೆ ವ್ಯವಸ್ಥೆಗೆ ಬದಲಾದ ಮೇಲೆ ನೀರೆತ್ತುವುದು ಇಳಿಯುವ ಬದಲು ಏರಿದ್ದು ಅಧ್ಯಯನದಲ್ಲಿ ಕಂಡುಬಂದಿದೆ. ಹನಿ ನೀರಾವರಿ ಕೆಟ್ಟದ್ದಲ್ಲ: ವಿದ್ಯುತ್ ಉಳಿಯುತ್ತದೆ, ಗೊಬ್ಬರ ಕೆಳಗೆ ಸೋರುವುದಿಲ್ಲ, ಇಳುವರಿ ಏರುತ್ತದೆ. ಗಿಡಗಳ ನಡುವೆ ದೂರ ಬಿಟ್ಟ ಎಳೆಯ ತೋಟದಲ್ಲಿ, ಕೆಳಗಿಳಿದ ನೀರು ಉಪ್ಪುಪದರ ಸೇರಿ ಹಾಳಾಗುವ ಜಾಗದಲ್ಲಿ ನೀರೂ ನಿಜವಾಗಿ ಉಳಿಯುತ್ತದೆ. ಆದರೆ ನೀರಾವರಿ ವಿಸ್ತೀರ್ಣ ಹೆಚ್ಚಿಸಕೂಡದು ಎಂಬ ಷರತ್ತಿಲ್ಲದೆ ಅದನ್ನು ಅಂತರ್ಜಲ ಉಳಿಸುವ ಯೋಜನೆ ಎಂದು ಕರೆಯಬಾರದು.

ಉಳಿದ ಆಯ್ಕೆಗಳು, ಅವು ಸೋಲುವ ಜಾಗ

ಮರುಪೂರಣ, ಅಂದರೆ ಹರಿದುಹೋಗುವ ನೀರನ್ನು ತಡೆದು ನೆಲಕ್ಕೆ ಇಂಗಿಸುವುದು, ಎಲ್ಲರಿಗೂ ಇಷ್ಟ, ಏಕೆಂದರೆ ಯಾರೂ ಏನನ್ನೂ ಬಿಟ್ಟುಕೊಡಬೇಕಿಲ್ಲ. 5,000 ಘನ ಮೀಟರ್ ಹಿಡಿಯುವ ಚೆಕ್ ಡ್ಯಾಂ ವರ್ಷಕ್ಕೆ ಮೂರು ಸಲ ತುಂಬಿದರೆ 15,000. ಆವಿಯಾದದ್ದು ಕಳೆದು 10,000 ಇಂಗಿತು ಎನ್ನಿ. 3 ಲಕ್ಷಕ್ಕೆ ಅಂಥ 30 ಬೇಕು. ಹಳ್ಳದಲ್ಲಿ ಅಷ್ಟು ನೀರು ಹರಿಯುತ್ತದೆಯೇ? ಹರಿದರೂ ಅದು ಇಲ್ಲಿಯವರೆಗೆ ಕೆಳಗಿನ ಕೆರೆಗೆ ಹೋಗುತ್ತಿತ್ತಲ್ಲ? ಆ ಕೆರೆಯ ಅಚ್ಚುಕಟ್ಟಿನವರನ್ನು ಸಭೆಗೆ ಕರೆದಿದ್ದೀರಾ? ಹೂಳು ತೆಗೆಯದಿದ್ದರೆ ತಳದಲ್ಲಿ ಕೂರುವ ಜೇಡಿಯ ತೆಳು ಪದರವೇ ಇಂಗುವಿಕೆಯನ್ನು ತಡೆಯುತ್ತದೆ, ಆದ್ದರಿಂದ ಹೂಳೆತ್ತುವ ಖರ್ಚನ್ನು ಮೊದಲ ದಿನವೇ ಲೆಕ್ಕಕ್ಕೆ ಸೇರಿಸಿ. ಬೀದಿಯ ಮತ್ತು ಹೊಲದ ಕೊಳಕು ನೀರನ್ನು ಸೋಸದೆ ನೇರ ಬೋರಿಗೆ ಇಳಿಸುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಬಂಡೆಯ ಬಿರುಕಿಗೆ ಸೇರಿದ ಮಾಲಿನ್ಯವನ್ನು ಮರಳಿ ತೆಗೆಯಲಾಗದು.

ಹೊಸ ಕೊಳವೆಬಾವಿಗೆ ನಿಷೇಧ ಹೇರುವುದು ಸುಲಭ, ನ್ಯಾಯ ಕಷ್ಟ. ಈಗಾಗಲೇ ಬೋರ್ ಇದ್ದವರಿಗೆ ಏನೂ ಆಗುವುದಿಲ್ಲ, ಅವರು ಇದ್ದದ್ದನ್ನೇ ಆಳ ಮಾಡಿಸುತ್ತಾರೆ. ಸಾಲ ಮಾಡಿ ಈಗಷ್ಟೇ ಕೊರೆಸಲು ಹೊರಟ ಸಣ್ಣ ರೈತ ಹೊರಗುಳಿಯುತ್ತಾನೆ. ಜಾರಿ ಮಾಡುವುದಾದರೆ ಸಾವಿರಾರು ಬಾವಿಗಳ ಹಿಂದೆ ಓಡಬೇಡಿ, ಕೊರೆಯುವ ಯಂತ್ರಗಳನ್ನು ಹಿಡಿಯಿರಿ. ಅವು ಎಣಿಕೆಗೆ ಸಿಗುವಷ್ಟೇ ಇರುತ್ತವೆ. ರಿಗ್ ನೋಂದಣಿ, ಕೊರೆಯುವ ಮುನ್ನ ಅನುಮತಿ ಪತ್ರ, ಕೊರೆದ ಆಳದ ವರದಿ: ಈ ಮೂರಕ್ಕೂ ರಿಗ್ ಮಾಲೀಕನನ್ನು ಹೊಣೆ ಮಾಡಿದರೆ ಕೆಲಸ ನಡೆಯುತ್ತದೆ. ಆಳ ಮಾಡಿಸುವುದನ್ನೂ ಹೊಸ ಕೊರೆತ ಎಂದೇ ಪರಿಗಣಿಸಿ.

ವಿದ್ಯುತ್ ಮೂಲಕ ಹಿಡಿತ ಇನ್ನೊಂದು ದಾರಿ. ಗುಜರಾತ್ 2003ರಿಂದ ಕೃಷಿ ಫೀಡರುಗಳನ್ನು (ವಿದ್ಯುತ್ ಪೂರೈಸುವ ತಂತಿಮಾರ್ಗಗಳನ್ನು) ಊರಿನ ಮನೆ ಫೀಡರುಗಳಿಂದ ಬೇರ್ಪಡಿಸಿ, ಹೊಲಗಳಿಗೆ ದಿನಕ್ಕೆ 8 ಗಂಟೆ ಗುಣಮಟ್ಟದ ತ್ರೀ ಫೇಸ್ ವಿದ್ಯುತ್ ಕೊಟ್ಟಿತು. ಕದ್ದು ಎಳೆಯುವುದಕ್ಕೆ ಕಡಿವಾಣ ಬಿತ್ತು, ಮನೆಗಳಿಗೆ ದಿನವಿಡೀ ವಿದ್ಯುತ್ ಸಿಕ್ಕಿತು. ಪೆಟ್ಟು ಬಿದ್ದದ್ದು ಪಕ್ಕದವರ ಬೋರಿನಿಂದ ನೀರು ಕೊಳ್ಳುತ್ತಿದ್ದ ಸಣ್ಣ ರೈತರಿಗೆ, ಗೇಣಿದಾರರಿಗೆ: ಮಾಲೀಕರ ಬಳಿ ಮಾರಲು ಹೆಚ್ಚುವರಿ ನೀರು ಉಳಿಯಲಿಲ್ಲ. ಗಂಟೆಗಳ ಮಿತಿಗೆ ಇನ್ನೊಂದು ದೌರ್ಬಲ್ಯವಿದೆ. ರಾತ್ರಿ ಹೊತ್ತು ವಿದ್ಯುತ್ ಬಂದರೆ ಆಟೊ ಸ್ಟಾರ್ಟರ್ ಹಾಕಿ ಮಲಗುತ್ತಾರೆ, ನೀರು ಬದು ದಾಟಿ ಹರಿಯುತ್ತಿರುತ್ತದೆ. ಕೆಲವರು 5 ಎಚ್‌ಪಿ ತೆಗೆದು 7.5 ಎಚ್‌ಪಿ ಕೂರಿಸುತ್ತಾರೆ. ಮೋಟಾರಿನ ಶಕ್ತಿಗೂ ಮಿತಿ ಇಲ್ಲದೆ ಗಂಟೆಗೆ ಮಾತ್ರ ಮಿತಿ ಹಾಕುವುದು ಅರ್ಧ ಕೆಲಸ.

ಶುಲ್ಕದ ಮಾತು ಬಂದಾಗ, ಅದು ಸರ್ಕಾರ ಹೇರಿದ ಸುಂಕವೋ ಬಳಕೆದಾರರೇ ಒಪ್ಪಿ ಹಾಕಿಕೊಂಡದ್ದೋ ಎಂಬುದೇ ಫಲಿತಾಂಶ ನಿರ್ಧರಿಸುತ್ತದೆ. ಅಮೆರಿಕದ ಕೊಲೊರಾಡೊದ ಸ್ಯಾನ್ ಲೂಯಿಸ್ ಕಣಿವೆಯ ರೈತರು 2011ರಿಂದ, ತಾವು ಎತ್ತುವ ಪ್ರತಿ ಎಕರೆ-ಅಡಿ (ಒಂದು ಎಕರೆಯಲ್ಲಿ ಒಂದು ಅಡಿ ನಿಲ್ಲುವಷ್ಟು) ನೀರಿನ ಮೇಲೆ ತಾವೇ ಶುಲ್ಕ ಕಟ್ಟಿಕೊಂಡರು. ಎತ್ತುವ ನೀರು ಮೂರನೇ ಒಂದರಷ್ಟು ಇಳಿಯಿತು. ಇಂಥದ್ದಕ್ಕೆ ಪ್ರತಿ ಪಂಪಿಗೂ ನಂಬಬಹುದಾದ ಮೀಟರ್ ಮತ್ತು ಸಂಗ್ರಹವಾದ ಹಣ ಅಲ್ಲಿಯ ನೀರಿಗೇ ಖರ್ಚಾಗುತ್ತದೆ ಎಂಬ ಭರವಸೆ ಎರಡೂ ಬೇಕು.

ಪಾಲು ನಿಗದಿ ಮಾಡುವ ಪದ್ಧತಿಯನ್ನು ಬಹಳ ಕಡೆ ಅಸಾಧ್ಯವೆಂದು ತಳ್ಳಿಹಾಕುತ್ತಾರೆ. ಕ್ಯಾನ್ಸಸ್‌ನ ಶೆರಿಡನ್ ಕೌಂಟಿಯ ಒಂದು ಭಾಗದ ರೈತರು 2013ರಲ್ಲಿ ಐದು ವರ್ಷಕ್ಕೆ ಒಟ್ಟು 55 ಇಂಚು, ಅಂದರೆ ಸುಮಾರು 1,400 ಮಿ.ಮೀ. ಎಂಬ ಮಿತಿಗೆ ಒಪ್ಪಿದರು. ಹಿಂದಿನ ಬಳಕೆಗಿಂತ ಸುಮಾರು ಶೇ 20 ಕಡಿಮೆ. ಗಮನಿಸಬೇಕಾದದ್ದು ‘ಐದು ವರ್ಷಕ್ಕೆ’ ಎಂಬ ಅಂಶ: ಮಳೆ ಕೈಕೊಟ್ಟ ವರ್ಷ ಹೆಚ್ಚು ಎತ್ತಿ, ಒಳ್ಳೆಯ ವರ್ಷ ಕಡಿಮೆ ಎತ್ತಿ ಸರಿದೂಗಿಸಬಹುದು. ಮೆಕ್ಕೆಜೋಳದ ಒಂದಷ್ಟು ಭಾಗ ಜೋಳಕ್ಕೂ ಗೋಧಿಗೂ ತಿರುಗಿತು. ಅವಧಿ ಮುಗಿದಾಗ ಅವರೇ ಒಪ್ಪಂದವನ್ನು ಮುಂದುವರಿಸಿದರು.

ದಂಡವೂ ಇಲ್ಲದೆ ಮೀಟರೂ ಇಲ್ಲದೆ ನಡೆಯುವ ದಾರಿ ಬೆಳೆ-ನೀರಿನ ಬಜೆಟ್. ಅವಿಭಜಿತ ಆಂಧ್ರಪ್ರದೇಶದ ಬರಪೀಡಿತ ಏಳು ಜಿಲ್ಲೆಗಳಲ್ಲಿ ರೈತರೇ ಬಾವಿ ಮಟ್ಟ, ಮಳೆ ಅಳೆದು, ಹಿಂಗಾರಿಗೆ ಮುಂಚೆ ಸಭೆ ಸೇರಿ, ಇರುವ ನೀರಿಗೆ ಬಿತ್ತಲು ಹೊರಟ ಬೆಳೆಗಳನ್ನು ಹೋಲಿಸಿ ನೋಡುತ್ತಿದ್ದರು. ನಿರ್ಧಾರ ಅವರವರದೇ. ಮಹಾರಾಷ್ಟ್ರದ ಹಿವರೆ ಬಜಾರ್ ಒಂದು ಹೆಜ್ಜೆ ಮುಂದೆ ಹೋಗಿ, ನೀರಾವರಿಗೆ ಬೋರ್ ಕೊರೆಸುವುದನ್ನೂ ಕಬ್ಬು ಬಾಳೆಯಂಥ ಬೆಳೆಗಳನ್ನೂ ಊರ ನಿಯಮದಿಂದಲೇ ಕೈಬಿಟ್ಟಿತು. ಬಜೆಟ್ ಗೆಲ್ಲುವುದು ಪದರ ಚಿಕ್ಕದಾಗಿ, ಈ ವರ್ಷ ಉಳಿಸಿದ್ದು ಮುಂದಿನ ಬೇಸಿಗೆಯಲ್ಲೇ ತಮ್ಮ ಬಾವಿಯಲ್ಲಿ ಕಾಣುವ ಕಡೆ. ದೊಡ್ಡ ಮೆಕ್ಕಲು ಪದರದಲ್ಲಿ ಒಬ್ಬ ಉಳಿಸಿದ್ದು ಯಾರಿಗೆ ಸೇರುತ್ತದೋ ತಿಳಿಯದು, ಉತ್ಸಾಹ ಬೇಗ ಇಳಿಯುತ್ತದೆ.

ಕಾನೂನಿನ ಅಡ್ಡಪರಿಣಾಮಕ್ಕೆ ಪಂಜಾಬ್ ನೋಡಿ. 2009ರ ಕಾಯ್ದೆ ಜೂನ್ 10ಕ್ಕೆ ಮುಂಚೆ ಭತ್ತದ ನಾಟಿ ನಿಷೇಧಿಸಿತು. ಕಡುಬಿಸಿಲಿನ ವಾರಗಳ ಆವಿಯಾಗುವಿಕೆ ತಪ್ಪಿತು, ಆಲೋಚನೆ ಸರಿಯಾಗಿಯೇ ಇತ್ತು. ಆದರೆ ಕೊಯ್ಲು ತಡವಾಗಿ, ಗೋಧಿ ಬಿತ್ತನೆಗೆ ಉಳಿದ ದಿನಗಳು ಕಡಿಮೆಯಾಗಿ, ಕೂಳೆ ಸುಡುವುದು ಗಾಳಿ ಮಂದವಾದ ಕೆಲವೇ ವಾರಗಳಿಗೆ ಒತ್ತೊತ್ತಾಗಿ ಬಂತು. ಗೆಲುವಿಗೂ ಅಡ್ಡಪರಿಣಾಮ ಇರುತ್ತದೆ: ಟೋಕಿಯೊದಲ್ಲಿ ಕಾರ್ಖಾನೆಗಳ ನೀರೆತ್ತುವಿಕೆಗೆ ಕಡಿವಾಣ ಬಿದ್ದು ಮಟ್ಟ ಎಷ್ಟು ಏರಿತೆಂದರೆ, ನೆಲದಡಿಯ ರೈಲು ನಿಲ್ದಾಣ ತೇಲದಂತೆ ಅದನ್ನು ತಳಕ್ಕೆ ಬಿಗಿಯಬೇಕಾಯಿತು.

ತೂಗುವ ಕ್ರಮ

ಪ್ರತಿ ಆಯ್ಕೆಗೂ ಒಂದು ಹಾಳೆ ಇಡಿ. ಅದರಲ್ಲಿ ಬರೆಯಬೇಕಾದ್ದು: ವರ್ಷಕ್ಕೆ ನಿಜವಾಗಿ ಉಳಿಯುವ ಘನ ಮೀಟರ್, ಒಂದು ಘನ ಮೀಟರಿಗೆ ತಗಲುವ ಖರ್ಚು, ಯಾರು ಕಳೆದುಕೊಳ್ಳುತ್ತಾರೆ, ತಪ್ಪಿ ನಡೆದರೆ ಯಾರಿಗೆ ಹೇಗೆ ಗೊತ್ತಾಗುತ್ತದೆ, ಫಲ ಕಾಣಲು ಎಷ್ಟು ವರ್ಷ. ಖರ್ಚಿನ ಲೆಕ್ಕಕ್ಕೆ ಒಟ್ಟು ವೆಚ್ಚವನ್ನು ಅದು ಬಾಳುವ ವರ್ಷಗಳಿಂದ ಭಾಗಿಸಿ, ವರ್ಷದ ನಿರ್ವಹಣೆ ಸೇರಿಸಿ, ಬಂದದ್ದನ್ನು ಉಳಿಯುವ ನೀರಿನಿಂದ ಭಾಗಿಸಿ. ಚೆಕ್ ಡ್ಯಾಮಿಗೂ ಬೆಳೆ ಬದಲಾವಣೆಗೆ ಕೊಡುವ ಪರಿಹಾರಧನಕ್ಕೂ ಆಗ ಮಾತ್ರ ಹೋಲಿಕೆ ಸಾಧ್ಯ.

ಅಂಕ ಕೊಟ್ಟು ಕೂಡಿಸಿ ಹೆಚ್ಚು ಬಂದದ್ದನ್ನು ಆರಿಸುವ ಪದ್ಧತಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಜಾರಿಯೇ ಆಗದ ಉಪಾಯಕ್ಕೆ ಅಗ್ಗ ಎಂಬ ಕಾರಣಕ್ಕೆ ಅಂಕ ಸಿಕ್ಕಿಬಿಡುತ್ತದೆ. ಬದಲಿಗೆ ಮೂರು ಪ್ರಶ್ನೆಗಳಲ್ಲಿ ಒಂದಕ್ಕೆ ‘ಇಲ್ಲ’ ಬಂದರೂ ಆ ಹಾಳೆಯನ್ನು ಬದಿಗಿಡಿ: ಆವಿಯಾಗುವ ನೀರು ಕಡಿಮೆಯಾಗುತ್ತದೆಯೇ, ಅಥವಾ ಯಾರ ಪಾಲನ್ನೂ ಕಸಿಯದೆ ಹೊಸ ನೀರು ಸೇರುತ್ತದೆಯೇ? ಮೋಸವನ್ನು ಪಕ್ಕದ ಹೊಲದವರು ಕಣ್ಣಿನಿಂದ ನೋಡಿ ಹೇಳಬಲ್ಲರೇ? ಕುಡಿಯುವ ನೀರಿಗೆ ಅಪಾಯವಿಲ್ಲವೇ? ಎರಡನೆಯ ಪ್ರಶ್ನೆ ಬೆಳೆ ನಿಯಮಗಳ ಪರ ವಾಲುತ್ತದೆ. ಹೊಲದಲ್ಲಿ ಭತ್ತ ನಿಂತಿದೆಯೇ ಇಲ್ಲವೇ ಎಂಬುದು ದಾರಿಹೋಕರಿಗೂ ಕಾಣುತ್ತದೆ. ಮೀಟರ್ ಓದುವವನು ಏನು ಬರೆದುಕೊಂಡ ಎಂಬುದು ಕಾಣುವುದಿಲ್ಲ.

ಉಳಿದ ಹಾಳೆಗಳನ್ನು ಜೋಡಿಸಿ 3 ಲಕ್ಷ ತುಂಬಿಸಿ. ನಮ್ಮ ಉದಾಹರಣೆಯಲ್ಲಿ: 60 ಹೆಕ್ಟೇರ್ ಬೇಸಿಗೆ ಭತ್ತ ಬಿಟ್ಟು ಸಿರಿಧಾನ್ಯ ಹಾಕಿದರೆ 1.8 ಲಕ್ಷ. ಕೆಳಗಿನ ಊರು ಒಪ್ಪಿದ ಐದು ಚೆಕ್ ಡ್ಯಾಮಿನಿಂದ 50 ಸಾವಿರ. ಉಳಿದ 70 ಸಾವಿರಕ್ಕೆ ಎರಡನೇ ಬೆಳೆಯ ಒಟ್ಟು ವಿಸ್ತೀರ್ಣವನ್ನು ಕುಗ್ಗಿಸಬೇಕು, 500 ಮಿ.ಮೀ. ಆವಿಯಾಗುವ ಬೆಳೆಯಾದರೆ ಅದು 14 ಹೆಕ್ಟೇರ್. ಇದರ ಜೊತೆಗೆ ರಿಗ್ ನಿಯಂತ್ರಣ ಇರಲೇಬೇಕು. ಅದು ತಾನಾಗಿ ನೀರು ಉಳಿಸದು, ಉಳಿಸಿದ್ದನ್ನು ಹೊಸಬರು ಎತ್ತಿಕೊಂಡು ಹೋಗದಂತೆ ತಡೆಯುತ್ತದೆ.

ಪಾಲು ಹಂಚುವ ಪ್ರಶ್ನೆಯಲ್ಲಿ ಜಗಳ ಆಗಿಯೇ ಆಗುತ್ತದೆ. ಬಾವಿಗೊಂದು ಸಮಪಾಲು ಅಂದರೆ ಹತ್ತು ಬಾವಿ ಇರುವವನಿಗೆ ಹತ್ತು ಪಾಲು. ಜಮೀನಿನ ಪ್ರಕಾರ ಅಂದರೆ ದೊಡ್ಡ ಹಿಡುವಳಿಗೆ ಲಾಭ. ಹಿಂದಿನ ಬಳಕೆಯ ಪ್ರಕಾರ ಅಂದರೆ ಅತಿ ಹೆಚ್ಚು ಎತ್ತಿದವನಿಗೆ ಬಹುಮಾನ. ಮೊದಲು ಕುಡಿಯುವ ನೀರು ಮತ್ತು ದನಕರುಗಳದ್ದನ್ನು ತೆಗೆದಿಟ್ಟು, ಆಮೇಲೆ ಪ್ರತಿ ಕುಟುಂಬಕ್ಕೆ ಒಂದು ಮೂಲಪಾಲು, ಮಿಕ್ಕದ್ದು ಜಮೀನಿನ ಪ್ರಕಾರ, ಅದಕ್ಕೂ ಒಂದು ಗರಿಷ್ಠ ಮಿತಿ ಎಂಬ ಮಿಶ್ರಣ ನನ್ನ ದೃಷ್ಟಿಯಲ್ಲಿ ಹೆಚ್ಚು ನ್ಯಾಯದ್ದು. ಹಿಂದಿನ ಬಳಕೆಯನ್ನು ಆಧಾರವಾಗಿ ಹಿಡಿಯಲೇಬೇಕಾದರೆ ಈಗಾಗಲೇ ಕಳೆದುಹೋದ ವರ್ಷಗಳನ್ನು ಆರಿಸಿ. ‘ಮುಂದಿನ ವರ್ಷದ ಬಳಕೆ ನೋಡಿ ಪಾಲು ಕೊಡುತ್ತೇವೆ’ ಎಂದು ಘೋಷಿಸಿದರೆ ಆ ವರ್ಷವಿಡೀ ಪಂಪುಗಳು ಹಗಲೂ ರಾತ್ರಿ ಓಡುತ್ತವೆ.

ದಂಡ ಸಣ್ಣದರಿಂದ ಶುರುವಾಗಲಿ: ಮೊದಲು ಸಭೆಯಲ್ಲಿ ಹೆಸರು ಓದುವುದು, ಆಮೇಲೆ ದಂಡ, ಕೊನೆಗೆ ಒಂದು ಹಂಗಾಮಿನ ಸಂಪರ್ಕ ಕಡಿತ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನೋರ್ ಆಸ್ಟ್ರಮ್, ಲಾಸ್ ಏಂಜಲೀಸ್ ಸುತ್ತಲಿನ ಅಂತರ್ಜಲ ಬಳಕೆದಾರರಿಂದಲೇ ತಮ್ಮ ಅಧ್ಯಯನ ಆರಂಭಿಸಿದವರು. ಬಾಳಿಕೆ ಬಂದ ವ್ಯವಸ್ಥೆಗಳಲ್ಲಿ ದಂಡ ಹಂತಹಂತವಾಗಿಯೇ ಇತ್ತು, ಕಾವಲುಗಾರರು ಬಳಕೆದಾರರಿಗೇ ಉತ್ತರ ಹೇಳಬೇಕಿತ್ತು ಎಂಬುದನ್ನು ಅವರು ತೋರಿಸಿಕೊಟ್ಟರು.

ಊರು ಮಾಡಲಾಗದ್ದನ್ನು ಊರಿನ ಮೇಲೆ ಹೊರಿಸಬೇಡಿ. ಸರ್ಕಾರ ಭತ್ತಕ್ಕೆ ಖಾತರಿ ಖರೀದಿ ಕೊಟ್ಟು ಸಿರಿಧಾನ್ಯಕ್ಕೆ ಕೊಡದಿದ್ದರೆ ಯಾವ ಗ್ರಾಮಸಭೆಯ ನಿರ್ಣಯವೂ ಎರಡು ಹಂಗಾಮು ನಿಲ್ಲದು. ಖರೀದಿ ಬೆಲೆ, ವಿದ್ಯುತ್ ದರ, ರಿಗ್ ನೋಂದಣಿ ಮೇಲಿನವರ ಕೆಲಸ. ಬೆಳೆ, ಸರದಿ, ಕಾವಲು ಊರಿನ ಕೆಲಸ.

ಮೂರು ವರ್ಷದ ನಂತರ

ಪರಿಶೀಲನೆಯ ದಿನಾಂಕವನ್ನು ಒಪ್ಪಂದದಲ್ಲೇ ಬರೆಯಿರಿ, ಮಟ್ಟಕ್ಕೆ ತಕ್ಕ ನಿಯಮವನ್ನೂ. ಉದಾಹರಣೆಗೆ, ಮಳೆಗಾಲ ಮುಗಿದಾಗ ಸರಾಸರಿ ಮಟ್ಟ ನೆಲದಿಂದ 8 ಮೀಟರ್ ಆಳಕ್ಕಿಂತ ಮೇಲಿದ್ದರೆ ಎರಡನೇ ಬೆಳೆ ಪೂರ್ತಿ. 8ರಿಂದ 12ರ ನಡುವೆ ಇದ್ದರೆ ಅರ್ಧ ವಿಸ್ತೀರ್ಣ. 12ಕ್ಕಿಂತ ಕೆಳಗಿದ್ದರೆ ಮಳೆಯಾಶ್ರಿತ ಬೆಳೆ ಮಾತ್ರ. ಹೀಗೆ ಮೊದಲೇ ಬರೆದಿದ್ದರೆ ಬರದ ವರ್ಷದಲ್ಲಿ ಹೊಸದಾಗಿ ವಾದ ಮಾಡಬೇಕಿಲ್ಲ. ಅಳತೆ ದಿನ ಒಪ್ಪಂದದ ಎಲ್ಲ ಕಡೆಯವರೂ ಬಾವಿಯ ಬಳಿ ಇರಬೇಕು, ಅಂಕಿಯನ್ನು ಅಂದೇ ಎಲ್ಲರಿಗೂ ಕಾಣುವ ಗೋಡೆಗೆ ಬರೆಯಬೇಕು.

ಫಲಿತಾಂಶ ಓದುವಾಗ ಮಳೆಯನ್ನು ಪಕ್ಕಕ್ಕಿಟ್ಟು ಓದಿ. ಮಟ್ಟ ಎರಡು ಮೀಟರ್ ಏರಿದ್ದು ನಿಯಮದಿಂದಲೋ ಎರಡು ವರ್ಷ ಸುರಿದ ಒಳ್ಳೆಯ ಮಳೆಯಿಂದಲೋ ತಿಳಿಯಲು, ನಿಯಮ ಇಲ್ಲದ ಆದರೆ ಅದೇ ಬಗೆಯ ಶಿಲೆ ಮತ್ತು ಮಳೆ ಇರುವ ನೆರೆ ಜಲಾನಯನದ ಬಾವಿಗಳನ್ನೂ ಮೊದಲ ದಿನದಿಂದಲೇ ಅಳೆಯುತ್ತಾ ಬನ್ನಿ. ಅಲ್ಲಿಯೂ ಎರಡು ಮೀಟರ್ ಏರಿದ್ದರೆ ನಿಮ್ಮ ನಿಯಮ ಇನ್ನೂ ಏನನ್ನೂ ಮಾಡಿಲ್ಲ, ಪಟ್ಟಿಯ ಮುಂದಿನ ಹಾಳೆಯನ್ನು ಎತ್ತಿಕೊಳ್ಳಬೇಕು.